ತೆಗೆದು ನೋಡುವ ಅಕ್ಕ

"ದಿನಕ್ಕೆ ಎಷ್ಟು ಸಲ ತೆಗೆದು ಮುಚ್ತೀರಾ ಆಂಟಿ ಇದನ್ನ?" ಎಂದು ಸಾರಕ್ಕಿಯಿಂದ ಬಂದಿದ್ದ ಮೆಕ್ಯಾನಿಕ್ ನನ್ನನ್ನು ಕೇಳಿದ. ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮ ಮೈಕ್ರೋವೇವ್ ಓವನ್ ಹೊರಕವಚ ಕಳಚಿಕೊಂಡು ಕುಳಿತಿತ್ತು. ಬೆಳಿಗ್ಗೆಯಿಂದ ಅದರ ದೀಪ ಹತ್ತುತ್ತಿತ್ತು, ತಟ್ಟೆ ಮಾತ್ರ ತಿರುಗುತ್ತಿರಲಿಲ್ಲ. ಪ್ಲಗ್ ಬದಲಿಸಿ, ಬಾಗಿಲಿನ ಅಂಚು ಒರೆಸಿ ನೋಡಿ ನಾನು ಸೋತಿದ್ದೆ.

"ಬಾಗಿಲಿನ ಸ್ವಿಚ್ ಸವೆದುಹೋಗಿದೆ. ನೀವು ಮುಚ್ಚಿದ್ರೂ ಮುಚ್ಚಿದೆ ಅಂತ ಅದಕ್ಕೆ ಗೊತ್ತಾಗ್ತಿಲ್ಲ," ಎಂದ.

ನಾನು ಅಕ್ಕನ ಕಡೆ ನೋಡಿದೆ. ಮರೆವು ಹೆಚ್ಚಾದ ಮೇಲೆ ಅವಳಿಗೆ ಗ್ಯಾಸ್ ಮುಟ್ಟಲು ನಾನು ಬಿಡುವುದಿಲ್ಲ. ಈ ಮನೆಯಲ್ಲಿ ಅವಳಿಗೆ ಉಳಿದಿರುವ ಕೆಲಸವೆಂದರೆ ಓವನ್ನಿನಲ್ಲಿ ಹಾಲು ಬಿಸಿ ಮಾಡಿ ಹೊತ್ತಿಗೆ ಸರಿಯಾಗಿ ನಮ್ಮಿಬ್ಬರಿಗೂ ಕಾಫಿ ಬೆರೆಸುವುದೊಂದೇ.

"ನಾನೇ ಕಣೆ," ಎಂದಳು ಅಕ್ಕ. "ಲೋಟ ಇಟ್ಟು ಬಾಗಿಲು ಹಾಕ್ತೀನಿ. ಹಾಕಿದ ತಕ್ಷಣ, ಇಟ್ನೋ ಇಲ್ವೋ ಅನ್ಸುತ್ತೆ. ಅದಕ್ಕೇ ತೆಗೆದು ನೋಡ್ತೀನಿ. ಇನ್ಮೇಲೆ ಇದನ್ನೂ ಮುಟ್ಟಬೇಡ ಅಂತೀಯಾ?"

ಹಾಗೆ ಹೇಳಬೇಕೆಂದೇ ಇದ್ದೆ. ದಿನವಿಡೀ ಅವಳ ಹಿಂದೆ ತಿರುಗಿ ಸಾಕಾಗಿತ್ತು. ಆದರೆ ಅವಳ ಮುಖ ನೋಡಿ ಮೆಕ್ಯಾನಿಕ್ ಕಡೆ ತಿರುಗಿ, ರಿಪೇರಿ ಮಾಡಪ್ಪ ಎಂದೆ.

ಮೆಕ್ಯಾನಿಕ್ ಹೊಸ ಸ್ವಿಚ್ ಹಾಕಿ ಓವನ್ನನ್ನು ಮತ್ತೆ ಜೋಡಿಸಿದ. ಅವನು ಚೀಲ ಕಟ್ಟುವಷ್ಟರಲ್ಲಿ ಅಕ್ಕ ಲೋಟ ಒಳಗಿಟ್ಟು, ಬಾಗಿಲು ಮುಚ್ಚಿ, ಮತ್ತೆ ತೆಗೆದು ನೋಡಿದಳು. ಅಂಥದ್ದೇ ಇನ್ನೊಂದು ಸ್ವಿಚ್ ಇದ್ದರೆ ಕೊಟ್ಟುಹೋಗಪ್ಪ ಎಂದು ನಾನು ಅವನಿಗೆ ಹೇಳಿದೆ.