ಹೊಸಹಳ್ಳಿ ಏರಿನಲ್ಲಿ ಎರಡು ಸದ್ದು

ಮದುವೆಯಾಗಿ ತಿಂಗಳು ಕಳೆದಿದ್ದರೂ ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಕೂತು ಹತ್ತು ಮಾತು ಆಡಿರಲಿಲ್ಲ. “ಊಟಕ್ಕೆ ಏಳ್ತೀರಾ” ಅಂದರೆ “ಹೂಂ”, “ನೀರು ಕಾದಿದೆ” ಅಂದರೆ “ಬಂದೆ”, ಅಲ್ಲಿಗೆ ಮುಗಿಯಿತು. ಜಗಳವಿರಲಿಲ್ಲ, ಬೇಸರವೂ ಇರಲಿಲ್ಲ. ಏನು ಮಾತಾಡಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೆ. ಅವಳು ಬಿಡದಿ ಕಡೆಯ ಹಳ್ಳಿಯವಳು, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಮನೆಯಲ್ಲಿ ಹುಟ್ಟಿ ಬೆಳೆದವಳು. ನಾನು ಲಾರಿ ಡ್ರೈವರು. ಅವಳಿಗೆ ಲಾರಿ ಗೊತ್ತಿಲ್ಲ, ನನಗೆ ರೇಷ್ಮೆ ಗೊತ್ತಿಲ್ಲ.

ಐವತ್ತರ ದಶಕದ ನಡುಭಾಗ. ರಾಜಾಜಿನಗರದಲ್ಲಿ ಎತ್ತ ನೋಡಿದರೂ ಪಾಯ, ಅರ್ಧ ಎದ್ದ ಗೋಡೆ, ಸುಣ್ಣದ ಗುಂಡಿ. ಅಲ್ಲಿಯೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವಿದ್ದೆವು. ಕೆಂಗೇರಿಯಾಚೆಯ ಬಂಡೆಯಿಂದ ಕಲ್ಲು ಹೇರಿಕೊಂಡು ಬಂದು ಈ ಮನೆಗಳ ಮುಂದೆ ಇಳಿಸುವುದು ನನ್ನ ಕೆಲಸ. ಲಾರಿ ಯುದ್ಧದ ಕಾಲದ್ದು, ಮಿಲಿಟರಿಯವರು ಹರಾಜು ಹಾಕಿದ್ದು. ಅದರ ಹೊಟ್ಟೆ ತುಂಬ ಕಲ್ಲು ತುಂಬಿದರೂ ನಮ್ಮ ಕಂಟ್ರಾಕ್ಟರಿಗೆ ಸಮಾಧಾನವಾಗದೆ ಹಿಂದೆ ನಾಲ್ಕು ಚಕ್ರದ ಟ್ರೇಲರ್ ಬೇರೆ ಕಟ್ಟಿಸಿದ್ದರು. ಟ್ರೇಲರಿನ ಮೇಲೆ ಚಪ್ಪಡಿಗಳು, ಒಂದೊಂದು ಎತ್ತುವುದಕ್ಕೆ ಆರು ಜನ ಬೇಕು.

ಕೆಂಗೇರಿಯಿಂದ ನಾಯಂಡಹಳ್ಳಿವರೆಗೆ ಮೈಸೂರು ರಸ್ತೆ ಸುಖವಾಗಿತ್ತು. ಅಲ್ಲಿಂದ ಎಡಕ್ಕೆ ಹೊರಳಿ ಹೊಸಹಳ್ಳಿ ಕಡೆ ಹತ್ತುವ ಗಾಡಿದಾರಿ ಮಾತ್ರ ನಮ್ಮ ಪರೀಕ್ಷೆ. ಈಗ ವಿಜಯನಗರ ಅನ್ನುತ್ತಾರಲ್ಲ, ಆ ದಿಕ್ಕು. ಎರಡೂ ಕಡೆ ರಾಗಿ ಹೊಲ, ಕಡಲೆಕಾಯಿ ಹೊಲ, ಮಧ್ಯೆ ಕೆಂಪು ಮಣ್ಣಿನ ಏರು. ಫಸ್ಟ್ ಗೇರಿನಲ್ಲಿ ಹಾಕಿದರೆ ಲಾರಿ ಮನುಷ್ಯ ನಡೆದಷ್ಟೇ ವೇಗದಲ್ಲಿ ಹತ್ತುತ್ತಿತ್ತು. ನಮ್ಮ ಕ್ಲೀನರು ಅಕ್ಷರಶಃ ನಡೆದೇ ಬರುತ್ತಿದ್ದ. ಐವತ್ತು ದಾಟಿದ ಆಸಾಮಿ, ನನ್ನ ತಂದೆಯ ವಯಸ್ಸು, ಹೊಸಹಳ್ಳಿಯಲ್ಲಿ ಸ್ವಂತ ಹೊಲ ಇದ್ದವನು. ಬಿತ್ತನೆ, ಕೊಯ್ಲು ಇಲ್ಲದ ತಿಂಗಳುಗಳಲ್ಲಿ ಲಾರಿ ಮೇಲಿನ ಆಸೆಗೆ ಬರುತ್ತಿದ್ದ. ಹೆಗಲ ಮೇಲೆ ಒಂದು ಮರದ ತುಂಡು ಇಟ್ಟುಕೊಂಡು ಟ್ರೇಲರಿನ ಹಿಂದೆ ನಡೆಯುವುದು, ಲಾರಿ ನಿಂತರೆ ಚಕ್ಕನೆ ಅದನ್ನು ಚಕ್ರಕ್ಕೆ ಕೊಡುವುದು ಅವನ ಮುಖ್ಯ ಕೆಲಸ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಲಾರಿಗೆ ಒಂದು ಸದ್ದು ಅಂಟಿಕೊಂಡಿತು. ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಮಾತ್ರ ಹಿಂದಿನಿಂದ ಕಟಕಟ ಅನ್ನುವುದು. ಸಮ ರಸ್ತೆಯಲ್ಲಿ ಇಲ್ಲ, ಇಳಿಜಾರಿನಲ್ಲಿ ಇಲ್ಲ, ಖಾಲಿ ಇದ್ದಾಗ ಇಲ್ಲ. ಮಾಗಡಿ ರಸ್ತೆಯ ಮೇಸ್ತ್ರಿಯ ಷೆಡ್ಡಿಗೆ ತಂದು ನಿಲ್ಲಿಸಿದರೆ ಇಂಥ ಸಾಧು ಲಾರಿ ಇನ್ನೊಂದಿಲ್ಲ ಅನ್ನುವ ಹಾಗೆ ಗುರ್ ಎನ್ನುತ್ತ ನಿಲ್ಲುವುದು. ಮೇಸ್ತ್ರಿ ಹಿಂದೆ ಮಿಲಿಟರಿ ವರ್ಕ್‌ಷಾಪಿನಲ್ಲಿ ಇದ್ದವರು, ಕೈ ಚಿನ್ನ, ನಾಲಿಗೆ ಮಾತ್ರ ಅರ. ಎರಡು ದಿನ ಗೇರ್‌ಬಾಕ್ಸ್ ಬಿಚ್ಚಿ ಕೂತರು, ಏನೂ ಸಿಗಲಿಲ್ಲ. ಮಂದ ಎಣ್ಣೆ ಹಾಕಿ ಮುಚ್ಚಿದರು. “ಗಾಡಿ ಸರಿಯಾಗಿದೆ. ನಿನ್ನ ಕಿವಿ ಬಿಚ್ಚಿ ನೋಡ್ಬೇಕು,” ಅಂದರು.

ಕಂಟ್ರಾಕ್ಟರು ನಾನು ಕ್ಲಚ್ ಬಿಡುವ ರೀತಿಯೇ ಸರಿಯಿಲ್ಲ ಅಂದರು. ಕ್ಲೀನರು ದೃಷ್ಟಿಯಾಗಿದೆ ಅಂತ ಮುಂದಿನ ಬಂಪರಿಗೆ ನಿಂಬೆಹಣ್ಣು ಕಟ್ಟಿದ. ಸದ್ದು ಹಿಂದಿನಿಂದ ಬರುತ್ತಿದೆಯಲ್ಲ ಅಂತ ನಾನು ಕೇಳಿದ ಮೇಲೆ ಹಿಂದೆಯೂ ಒಂದು ಕಟ್ಟಿದ.

ಹೀಗಿರುವಾಗ, ನಾಲ್ಕು ದಿನಕ್ಕೆಂದು ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರುವ ದಿನ ಬಂತು. ಅವಳ ಅಣ್ಣ ಬಿಡದಿಯಿಂದ ಎತ್ತಿನ ಗಾಡಿಯಲ್ಲಿ ಕೆಂಗೇರಿಯವರೆಗೆ ತಂದು ಬಿಟ್ಟ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ಕಲ್ಲು ಹೇರಿಕೊಂಡು ಬಂದು, ಅವಳನ್ನೂ ಅವಳ ಬಟ್ಟೆ ಗಂಟನ್ನೂ ಒಂದು ಬುಟ್ಟಿ ಹುರುಳಿಕಾಳನ್ನೂ ಮುಂದಿನ ಸೀಟಿಗೆ ಹತ್ತಿಸಿಕೊಂಡೆ. ಕ್ಲೀನರು ಮರ್ಯಾದೆಯಿಂದ ಹಿಂದೆ ಕಲ್ಲಿನ ಮೇಲೆ ಹೋಗಿ ಕೂತ. ನಾಯಂಡಹಳ್ಳಿ ಬರುವವರೆಗೂ ಇಬ್ಬರೂ ರಸ್ತೆ ನೋಡಿಕೊಂಡು ಸುಮ್ಮನಿದ್ದೆವು.

ಏರು ಶುರುವಾಯಿತು. ಫಸ್ಟ್ ಗೇರಿಗೆ ಹಾಕಿದೆ. ಕ್ಲೀನರು ಕೆಳಗೆ ಹಾರಿದ. ಕಟಕಟ ಶುರುವಾಯಿತು. ಹೊಸ ಹೆಂಡತಿಯ ಮುಂದೆ ಲಾರಿ ಹೀಗೆ ಮಾಡುತ್ತದಲ್ಲ ಅಂತ ನನಗೆ ನಾಚಿಕೆ. ಕೆಮ್ಮಿದೆ.

“ಅದೇನದು ಸದ್ದು?” ಅಂದಳು.

“ಲಾರಿ ಅಂದ್ಮೇಲೆ ಸದ್ದು ಇರುತ್ತೆ.”

ಅವಳು ಕಿಟಕಿಯ ಕಡೆ ಬಾಗಿ ಕೇಳಿದಳು. ಆಮೇಲೆ, “ಒಂದಲ್ಲ, ಎರಡು ಇದಾವೆ,” ಅಂದಳು.

“ಎರಡು?”

“ಒಂದು ದಪ್ಪನೇದು, ತಾಳ ಇಲ್ಲ, ಗುಂಡಿ ಸಿಕ್ಕಿದ್ರೆ ಹೊಡ್ಕೊಳುತ್ತೆ. ಅದರ ಕೆಳಗೆ ಇನ್ನೊಂದು ಸಣ್ಣದು. ಅದು ಬಿಡದೆ ಒಂದೇ ಸಮ ಬರ್ತಾ ಇದೆ. ದಪ್ಪನೇದರ ಗಲಾಟೆಗೆ ನಿಮಗೆ ಕೇಳಿಸ್ತಾ ಇಲ್ಲ.”

ಕಿವಿಗೊಟ್ಟೆ. ನನಗೆ ಕೇಳಿಸಿದ್ದು ಒಂದೇ ಕಟಕಟ. ಆದರೂ ಅವಳು ಹೇಳಿದ ರೀತಿಯಲ್ಲಿ ಬಡಾಯಿ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಅಂದ ಹಾಗೆ ಹೇಳಿದ್ದಳು. ಬ್ರೇಕ್ ಒತ್ತಿ ನಿಲ್ಲಿಸಿದೆ. ಹಿಂದೆ ಕ್ಲೀನರು ತುಂಡು ಕೊಟ್ಟ.

ದಪ್ಪ ಸದ್ದು ಯಾವುದೆಂದು ನನಗೇ ಹೊಳೆಯಿತು. ಲಾರಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಪಿನ್ನು ಸವೆದು ಅದರ ತೂತಿನಲ್ಲಿ ಅಲ್ಲಾಡುತ್ತಿತ್ತು. ಕ್ಲೀನರು ಕೂತುಕೊಳ್ಳಲು ಹಾಸಿಕೊಂಡಿದ್ದ ಗೋಣಿಚೀಲ ಹರಿದು ಪಿನ್ನಿನ ಸುತ್ತ ಬಿಗಿಯಾಗಿ ತುರುಕಿದೆವು. ಮತ್ತೆ ಹೊರಟೆ. ದಪ್ಪ ಸದ್ದು ನಿಂತಿತು. ಈಗ ಎಂಜಿನ್ನಿನ ಅಬ್ಬರದ ಕೆಳಗೆ ನನಗೂ ಕೇಳಿಸಿತು: ಟಕ್, ಟಕ್, ಟಕ್, ಸಣ್ಣಗೆ, ಒಂದೇ ಸಮ. ಇಷ್ಟು ದಿನ ನಾವೆಲ್ಲ ಹುಡುಕುತ್ತಿದ್ದದ್ದು ಆ ದೊಡ್ಡ ಬಾಯಿಯ ಸದ್ದನ್ನು. ಅದು ಬರಿ ಪಿನ್ನು.

“ನಾನು ಕೆಳಗಿಳೀತೀನಿ,” ಅಂದಳು.

“ಯಾಕೆ?”

“ಪಕ್ಕದಲ್ಲಿ ನಡೆದ್ರೆ ಎಲ್ಲಿಂದ ಬರ್ತಾ ಇದೆ ಅಂತ ಗೊತ್ತಾಗುತ್ತೆ. ಇಷ್ಟು ನಿಧಾನ ಹೋಗ್ತಾ ಇದೆಯಲ್ಲ, ನಡೀಬೋದು.”

ಮದುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಪಕ್ಕ ನಡೆಯತೊಡಗಿದಳು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಗಂಡ ಲಾರಿಯಿಂದ ಇಳಿಸಿಬಿಟ್ಟ ಅಂದುಕೊಂಡಿರಬೇಕು, ಒಬ್ಬಾಕೆ ನನ್ನ ಕಡೆ ಕೆಟ್ಟದಾಗಿ ದಿಟ್ಟಿಸಿದಳು. ಇವಳು ಅದನ್ನೆಲ್ಲ ಗಮನಿಸಲಿಲ್ಲ. ತಲೆ ಬಗ್ಗಿಸಿ, ಬಾಯಲ್ಲಿ ಏನೋ ಗುಣುಗುಣಿಸುತ್ತ ಹಿಂದಿನ ಚಕ್ರದ ಪಕ್ಕ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಕೈ ಎತ್ತಿದಳು. ನಿಲ್ಲಿಸಿದೆ.

“ಸುಣ್ಣ ಇದೆಯಾ?” ಅಂತ ಕ್ಲೀನರನ್ನು ಕೇಳಿದಳು. ಅವನು ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದುಕೊಟ್ಟ. ಬೆರಳಲ್ಲಿ ಸುಣ್ಣ ತೆಗೆದು ಹಿಂದಿನ ಟೈರಿನ ಮೈಮೇಲೆ ಒಂದು ಗೆರೆ ಎಳೆದಳು. “ಈಗ ನಿಧಾನವಾಗಿ ಬಿಡಿ.”

ಇಪ್ಪತ್ತು ಮಾರು ಹೋದ ಮೇಲೆ ಮತ್ತೆ ಕೈ ಎತ್ತಿದಳು.

“ಚಕ್ರ ಒಂದು ಸುತ್ತು ಬರೋದ್ರೊಳಗೆ ಆರು ಸಲ ಬಡಿಯುತ್ತೆ. ಏಳನೇದು ಬರೋಷ್ಟರಲ್ಲಿ ಗೆರೆ ದಾಟಿರುತ್ತೆ. ಎರಡು ಸುತ್ತಿಗೆ ಸರಿಯಾಗಿ ಹದಿಮೂರು. ನಿಮ್ಮ ಲಾರೀಲಿ ಚಕ್ರಕ್ಕಿಂತ ಆರೂವರೆ ಪಾಲು ಬೇಗ ತಿರುಗೋದು ಏನಿದೆ?”

ನಾನು ಅವಳ ಮುಖ ನೋಡಿದೆ. “ಇದೆಲ್ಲ ನಿನಗೆ ಹೇಗೆ ಗೊತ್ತು?”

“ನಮ್ಮನೇಲಿ ದೊಡ್ಡ ರಾಟೆ ಒಂದು ಸುತ್ತು ತಿರುಗಿದ್ರೆ ಸಣ್ಣದು ಎಷ್ಟೋ ಸುತ್ತು. ಎಲ್ಲಾದ್ರೂ ಟಕ್ ಅಂದ್ರೆ ಅಮ್ಮ ಎಣಿಸೋಳು. ದೊಡ್ಡದರ ಜೊತೆ ಬಂದ್ರೆ ದೊಡ್ಡದು ಸವೆದಿದೆ ಅಂತ, ಸಣ್ಣದರ ಜೊತೆ ಬಂದ್ರೆ ಸಣ್ಣದು. ಎಣಿಸದೆ ಹೋದ್ರೆ ನೂಲು ಹರಿಯುತ್ತೆ.”

ಚಕ್ರಕ್ಕಿಂತ ಆರೂವರೆ ಪಾಲು ಬೇಗ ತಿರುಗುವುದು ಒಂದೇ. ಎಂಜಿನ್ನಿನ ಕಡೆಯಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಕೊಂಡೊಯ್ಯುವ, ಲಾರಿಯ ಹೊಟ್ಟೆಯ ಕೆಳಗಿನ ಉದ್ದನೆಯ ಷಾಫ್ಟು. ಅದು ಭಾರ ಎಳೆಯುವಾಗ ತುಂಡಾದರೆ ಎಂಜಿನ್ ಸುಮ್ಮನೆ ಕೂಗುತ್ತದೆ, ಲಾರಿಯೂ ಟ್ರೇಲರೂ ಹಿಂದಕ್ಕೆ ಉರುಳುತ್ತವೆ. ಬೀಳುವ ಷಾಫ್ಟು ಬ್ರೇಕಿನ ಪೈಪಿಗೆ ಬಡಿದರೆ ತಡೆಯುವುದಕ್ಕೂ ಏನೂ ಉಳಿಯುವುದಿಲ್ಲ. ಕೆಳಗೆ ನಾಯಂಡಹಳ್ಳಿ ಕಡೆಯಿಂದ ಮೊಸರಿನ ಗಡಿಗೆ ಹೊತ್ತ ಹೆಂಗಸರು ಸಾಲಾಗಿ ಏರು ಹತ್ತಿ ಬರುತ್ತಿದ್ದರು.

ನಾನು ಇನ್ನು ಯೋಚಿಸಲಿಲ್ಲ. “ಟ್ರೇಲರ್ ಇಲ್ಲೇ ಬಿಡೋಣ,” ಅಂದೆ.

“ಕಂಟ್ರಾಕ್ಟರು ಕೊಂದು ಹಾಕ್ತಾರೆ ಕಣಪ್ಪ,” ಅಂದ ಕ್ಲೀನರು.

“ಬೈಸ್ಕೊಂಡ್ರೆ ಬೈಸ್ಕೋತೀನಿ.”

ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಅವನ ಮರದ ತುಂಡನ್ನೂ ಬಡಿದು ಕೂರಿಸಿ, ಲಾರಿಯನ್ನು ಒಂದು ಗೇಣು ಹಿಂದಕ್ಕೆ ಬಿಟ್ಟು ಪಿನ್ನು ತೆಗೆದೆವು. ಕ್ಲೀನರು ಕಾವಲಿಗೆ ಅಲ್ಲಿಯೇ ಉಳಿದ. ನಾವಿಬ್ಬರೂ ಮೊಟ್ಟೆ ಹೊತ್ತವರ ಹಾಗೆ ಮೆಲ್ಲಗೆ ಏರು ಹತ್ತಿ, ಹೊಸಹಳ್ಳಿ ದಾಟಿ ಮಾಗಡಿ ರಸ್ತೆ ಸೇರಿದೆವು.

ದಾರಿಯುದ್ದಕ್ಕೂ ಮಾತು. ಗೂಡು ಬೇಯಿಸುವ ನೀರಿನ ವಾಸನೆ, ನೂಲಿನ ಎಳೆ ಹಿಡಿದು ಅವಳ ಬೆರಳುಗಳು ಬಿಳಿಚಿಕೊಂಡದ್ದು, ನಾನು ಮೊದಲ ಸಲ ಲಾರಿ ಓಡಿಸಿ ಬೇಲಿಗೆ ನುಗ್ಗಿಸಿದ್ದು, ರಾಜಾಜಿನಗರದ ಮನೆಯ ಹಿಂದಿನ ಕೋಣೆಯಲ್ಲಿ ಗಾಳಿಯಾಡುವುದಿಲ್ಲ ಅನ್ನುವುದು. ಕೊನೆಯದನ್ನು ತಿಂಗಳಿಂದ ಹೇಳಬೇಕು ಅಂತಿದ್ದಳಂತೆ.

ಮೇಸ್ತ್ರಿ ನಮ್ಮನ್ನು ನೋಡಿ, “ಮತ್ತೆ ಬಂತಾ ನಿನ್ನ ಸಂಗೀತ?” ಅಂದರು. ನಾನು ಎಲ್ಲವನ್ನೂ ಹೇಳಿದೆ. ಹೆಂಡತಿ ಎಣಿಸಿದಳು ಅಂದಾಗ ಅವರು ನಗಲಿಲ್ಲ, ಆದರೆ ನಂಬಲೂ ಇಲ್ಲ. ಲಾರಿಯನ್ನು ನ್ಯೂಟ್ರಲ್ ಮಾಡಿಸಿ, ಷಾಫ್ಟಿಗೆ ಒಂದು ಬಟ್ಟೆಚೂರು ಕಟ್ಟಿ, ಷೆಡ್ಡಿನವರ ಕೈಯಲ್ಲಿ ತಳ್ಳಿಸಿದರು. ಸುಣ್ಣದ ಗೆರೆ ಒಂದು ಸುತ್ತು ಬರುವವರೆಗೆ ತಾವೇ ಪಕ್ಕದಲ್ಲಿ ಬಗ್ಗಿ ಬಟ್ಟೆಚೂರನ್ನು ಎಣಿಸಿದರು.

“ಆರೂವರೆ,” ಅಂದರು. ಎದ್ದು ನಿಂತು, “ಅರೆ, ಈಯಮ್ಮ ಸರಿಯಾಗಿ ಹೇಳಿದಾರೆ.”

ಷಾಫ್ಟು ಬಿಚ್ಚಿದರು. ಅದರ ತುದಿಯ ಕೀಲಿನಲ್ಲಿ ನಾಲ್ಕು ಕೈಯ ಒಂದು ಉಕ್ಕಿನ ತುಂಡು ಇರುತ್ತದೆ, ಪ್ರತಿ ಕೈಯನ್ನೂ ಸೂಜಿಯಂಥ ಸಣ್ಣ ಕಡ್ಡಿಗಳು ಸುತ್ತುವರಿದಿರುತ್ತವೆ. ಮುಚ್ಚಳ ತಟ್ಟಿದಾಗ ಆ ಸೂಜಿಗಳ ಬದಲು ನಶ್ಯದ ಬಣ್ಣದ ಪುಡಿ ಉದುರಿತು. ಒಂದು ಕೈಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ನಾನು ಗೇರ್‌ಬಾಕ್ಸ್ ಬಿಚ್ಚಿದ್ದು ತಪ್ಪಾಯ್ತು. ಸದ್ದು ಬರೋ ಜಾಗಕ್ಕೆ ನಾನೇ ಬರ್ಬೇಕಾಗಿತ್ತು,” ಅಂದರು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಷೆಡ್ಡಿನವರು ಯಾರೂ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಹೊಸ ಕೀಲು ಕೂರಿಸುವಷ್ಟರಲ್ಲಿ ಸಾಯಂಕಾಲ ನಾಲ್ಕಾಯಿತು. ಮರಳಿ ಏರಿನ ಹತ್ತಿರ ಬಂದರೆ ಕಂಟ್ರಾಕ್ಟರು ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದಾರೆ. ಮನೆ ಕಟ್ಟಿಸುವವರು ಚಪ್ಪಡಿ ಎಲ್ಲಿ ಅಂತ ಕೇಳಿ, ಇವರು ಹುಡುಕಿಕೊಂಡು ಬಂದಿದ್ದರು. ಕ್ಲೀನರು ಟ್ರೇಲರಿನ ನೆರಳಲ್ಲಿ ಕಾಲು ಚಾಚಿ, ಯಾರೋ ಕೊಟ್ಟ ಹಸಿ ಕಡಲೆಕಾಯಿ ಸುಲಿಯುತ್ತಿದ್ದ. ಬೈಗುಳ ಆಗಲೇ ಅರ್ಧ ಮುಗಿದಿತ್ತು, ಉಳಿದರ್ಧಕ್ಕೆ ನಾನು ಸಿಕ್ಕೆ.

“ರೋಡ್ ಮಧ್ಯೆ ಕಲ್ಲು ಬಿಟ್ಟು ಹೆಂಡ್ತೀನ ಕರ್ಕೊಂಡು ಸವಾರಿ ಹೋಗಿದ್ಯೇನಯ್ಯ?”

ನಾನು ಬಿರುಕು ಬಿಟ್ಟ ತುಂಡನ್ನು ಅವರ ಕೈಗಿಟ್ಟೆ. ತಿರುಗಿಸಿ ನೋಡಿದರು. ಏರಿನ ಕೆಳಗೆ ನೋಡಿದರು. ಅಲ್ಲಿ ಶಾಲೆ ಬಿಟ್ಟ ಮಕ್ಕಳು ಕಲ್ಲು ಒದೆಯುತ್ತ ಬರುತ್ತಿದ್ದವು. ಕಂಟ್ರಾಕ್ಟರು ಸೈಕಲ್ ಹತ್ತುವ ಮೊದಲು ನನ್ನ ಹೆಂಡತಿಯ ಕಡೆ ತಿರುಗಿ, “ಮನೆಗೆ ಹುಷಾರಾಗಿ ಹೋಗಮ್ಮ,” ಅಂದರು. ಅಷ್ಟೇ. ಮಾರನೆಯ ವಾರ ಟ್ರೇಲರಿಗೆ ಹೊಸ ಪಿನ್ನು ಬಂತು, ಹೇರುವ ಚಪ್ಪಡಿಗಳಲ್ಲಿ ಎರಡು ಕಡಿಮೆಯಾದವು.

ಅಂದು ಟ್ರೇಲರ್ ಮತ್ತೆ ಕಟ್ಟಿ ಉಳಿದ ಏರು ಹತ್ತಿದಾಗ ಎಂಜಿನ್ನಿನ ಕೂಗು ಬಿಟ್ಟರೆ ಬೇರೆ ಏನೂ ಇರಲಿಲ್ಲ. ನೆತ್ತಿ ತಲುಪಿದ ಮೇಲೆ ಅವಳು ಕ್ಲೀನರಿಗೆ ಒಳಗೇ ಬಂದು ಕೂರಲು ಹೇಳಿ ಹುರುಳಿಕಾಳಿನ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡಳು. ಮೂವರೂ ಒತ್ತಿಕೊಂಡು ರಾಜಾಜಿನಗರಕ್ಕೆ ಬಂದೆವು.

ಇದಾಗಿ ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಮೇಸ್ತ್ರಿ ಹೇಳಿ ಕಳಿಸಿದರು. ಮಾಗಡಿ ರಸ್ತೆಯ ಒಂದು ಬಸ್ಸಿನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಗುಡುಗುಡು ಅನ್ನುತ್ತದೆ, ಮೂರು ದಿನದಿಂದ ಸಿಗುತ್ತಿಲ್ಲ, ಅಮ್ಮನವರು ಬಂದು ಒಂದು ಸಲ ಕೇಳಿಸಿಕೊಳ್ಳಬೇಕಂತೆ. ಅವಳಿಗೆ ಆಗ ಏಳು ತಿಂಗಳು. “ನಾನು ಎಲ್ಲೂ ಬರಲ್ಲ. ಬಸ್ಸನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ,” ಅಂದಳು. ನಾನು ತಮಾಷೆ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ನಮ್ಮ ಬೀದಿಗೆ ಬಸ್ಸು ನುಗ್ಗಿತು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಇವಳು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು, ಬಸ್ಸನ್ನು ಎರಡು ಸಲ ಹಿಂದೆ ಮುಂದೆ ಓಡಿಸಿ ನಿಲ್ಲಿಸಲು ಹೇಳಿದಳು.

“ಇದು ತಿರುಗೋ ಸದ್ದಲ್ಲ, ಉರುಳೋ ಸದ್ದು,” ಅಂದಳು. “ಹಿಂದಿನ ಸೀಟಿನ ಕೆಳಗೆ ನೋಡಿ.”

ಮೇಸ್ತ್ರಿ ಹತ್ತಿದರು. ಸೀಟಿನ ಹಲಗೆ ಕಿತ್ತು, ಕೈ ಹಾಕಿ, ಒಂದು ಗೋಲಿ ಸೋಡಾ ಸೀಸೆ ಹಿಡಿದುಕೊಂಡು ಇಳಿದರು. ಬೀದಿಯೆಲ್ಲ ನಕ್ಕಿತು, ಕೊನೆಗೆ ಅವರೂ ನಕ್ಕರು. ನನ್ನ ಹೆಂಡತಿ ನಗುತ್ತಲೇ ಗೋಡೆ ಹಿಡಿದು ಎದ್ದಳು. ಮಗು ಒದೀತಾ ಇದೆ, ನಾನು ಸ್ವಲ್ಪ ಮಲಗ್ತೀನಿ, ಆ ಬಸ್ಸನ್ನ ಬೀದಿ ದಾಟೋವರೆಗೂ ಹಾರನ್ ಮಾಡ್ದೆ ತಗೊಂಡು ಹೋಗೋಕೆ ಹೇಳಿ ಅಂದು ಒಳಗೆ ಹೋದಳು.