ಮುಟ್ಟದೆ ಬೆಳೆದ ಹರಳು

ನನಗೆ ತಾಳ್ಮೆ ಕಡಿಮೆ. ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಮೂರು ಸಲ ಮುಚ್ಚಳ ತೆಗೆದು ನೋಡುವವಳು. ಚಿತ್ರದುರ್ಗದಲ್ಲಿ ಸಂಶೋಧನೆಗೆ ಸೇರಿದಾಗಲೂ ಈ ಚಟ ಬಿಡಲಿಲ್ಲ.

ತಾಮ್ರದ ಲವಣವನ್ನು ನಾನೇ ತಯಾರಿಸಿದ ಒಂದು ಸಾವಯವ ವಸ್ತುವಿನ ಜೊತೆ ಕುದಿಸಿ ಹಸಿರು ಪುಡಿಯೊಂದನ್ನು ಪಡೆದಿದ್ದೆ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಅದನ್ನು ಕರಗಿಸಿದ ಹನಿ ಬಿದ್ದ ಕಡೆ ಸುತ್ತಲೂ ಏನೂ ಬೆಳೆಯಲಿಲ್ಲ. ಬರೀ ತಾಮ್ರದ ಲವಣ ಹಾಕಿದಲ್ಲಿ, ಬರೀ ಸಾವಯವ ವಸ್ತು ಹಾಕಿದಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆದಿದ್ದವು. ಎರಡೂ ಕೂಡಿದಾಗ ಮಾತ್ರ ಕೊಲ್ಲುವುದು ಯಾಕೆ? ಊಟಕ್ಕೆ ಕೂತರೂ ಅದೇ ಪ್ರಶ್ನೆ. ಉತ್ತರ ಬೇಕಿದ್ದರೆ ಮೊದಲು ತಾಮ್ರದ ಸುತ್ತ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಕ್ಷ-ಕಿರಣದಿಂದ ತಿಳಿಯಬೇಕು. ಅದಕ್ಕೆ ಪುಡಿ ಸಾಲದು, ಒಂದೇ ಒಂದು ಒಳ್ಳೆಯ ಹರಳು ಬೇಕು.

ಹರಳು ಬರಲು ದ್ರಾವಣವನ್ನು ಅಲುಗಿಸದೆ ವಾರಗಟ್ಟಲೆ ಇಡಬೇಕು. ನಾನೋ ದಿನಕ್ಕೆ ನಾಲ್ಕು ಸಲ ಶೀಸೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ. ಐದು ಶೀಸೆಗಳಲ್ಲೂ ಮತ್ತೆ ಪುಡಿಯೇ ಬಿತ್ತು. ಕೊನೆಗೆ ಉಳಿದದ್ದು ಒಂದು ಚಿಟಿಕೆ. ಹರಳು ಬಾರದಿದ್ದರೆ ಈ ಸಂಯುಕ್ತವನ್ನು ಪ್ರಬಂಧದಿಂದ ಕೈಬಿಡಬೇಕಾಗುತ್ತದೆ ಎಂದು ಮಾರ್ಗದರ್ಶಕರು ಹೇಳಿಬಿಟ್ಟರು.

ಆ ಚಿಟಿಕೆಯನ್ನು ಕರಗಿಸಿ, ಹೊಳಲ್ಕೆರೆ ಬಸ್ಸು ಹತ್ತಿ, ರಾಮಗಿರಿಯ ನಮ್ಮ ಮನೆಗೆ ಒಯ್ದು ಅವ್ವನ ಕೈಗೆ ಕೊಟ್ಟೆ. ವಿಷ, ಒಲೆಯ ಹತ್ತಿರ ಬೇಡ, ನಾನು ಬಂದರೂ ನನಗೆ ಸಿಗದ ಜಾಗದಲ್ಲಿ ಇಡು ಎಂದೆ. ಹಾಲಿಗೆ ಹೆಪ್ಪು ಹಾಕಿ ಅಲುಗದಂತೆ ಇಟ್ಟು ಪಳಗಿದವಳಿಗೆ ಹೆಚ್ಚೇನೂ ಹೇಳಬೇಕಿರಲಿಲ್ಲ. ಫೋನಿನಲ್ಲಿ ಎಷ್ಟು ಕಾಡಿದರೂ, "ಐತೆ ಬಿಡು. ಉಂಡ್ಯಾ?" ಎಂದು ಮಾತು ಮುಗಿಸುತ್ತಿದ್ದಳು.

ಮೂರು ವಾರದ ಮೇಲೆ ಹೋದಾಗ ರಾಗಿ ಕೋಣೆಗೆ ಕರೆದೊಯ್ದು ಗೋಡೆಯ ಗೂಡಿನಲ್ಲಿದ್ದ ಶೀಸೆ ತೋರಿಸಿದಳು. ತಳದಲ್ಲಿ ಎಳ್ಳಿನಷ್ಟು ದೊಡ್ಡ, ಅಂಚು ಚೂಪಾದ, ಕಡುಹಸಿರು ಹರಳು. ನನಗೆ ಅಳುವೇ ಬಂತು. ಕಣ್ಣೊರೆಸಿಕೊಂಡ ಮೇಲೆ, ಇದು ಹುಟ್ಟಿದ್ದನ್ನು ಯಾರೂ ನೋಡಲಿಲ್ಲವಲ್ಲ ಎಂದು ಗೊಣಗಿದೆ.

"ನಾನು ನೋಡಿದೆ," ಎಂದಳು ಅವ್ವ. "ಮುಟ್ಟಿಲ್ಲ ಕಣವ್ವ. ದಿನಾ ಬಗ್ಗಿ ನೋಡ್ತಿದ್ದೆ. ಒಂಬತ್ನೇ ದಿನ ಮುಂಜಾನೆ ಸೂಜಿಮೊನೆಯಷ್ಟು ಕಾಣ್ತು. ಹದಿಮೂರಕ್ಕೆ ಮೂಲೆ ಮೂಡಿದ್ವು."

ನನ್ನ ಚಟ ಎಲ್ಲಿಂದ ಬಂತೆಂದು ಆಗ ತಿಳಿಯಿತು. ತಾಮ್ರದ ಸುತ್ತ ಏನೇನಿದೆ ಎಂಬುದನ್ನು ಆಮೇಲೆ ಕ್ಷ-ಕಿರಣ ತೋರಿಸಿತು. 'ಒಂಬತ್ತನೆಯ ದಿನ ಹರಳು ಕಾಣಿಸಿಕೊಂಡಿತು' ಎಂಬ ಸಾಲು ನನ್ನ ಪ್ರಬಂಧದಲ್ಲಿದೆ. ಬರೆದವಳು ನಾನು, ಕಂಡವಳು ಅವ್ವ.