ದೇವಮ್ಮನ ರಾಶಿ

ಜರ್ಮನ್ ಡಬ್ಬಿಗಳ ಚೀಲದಲ್ಲಿ ತಗಡು ಬೆರೆಸಿದವಳು ದೇವಮ್ಮ ಅಲ್ಲ, ನಾನು. ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಆಗ ಕಾಲುವೆ ಅಗೆಯುತ್ತಿದ್ದರು. ಆ ಕೆಲಸದವರ ಕ್ಯಾಂಪುಗಳಲ್ಲಿ ಕುಡಿದು ಎಸೆದ ಬಿಯರ್, ಸೋಡಾ ಡಬ್ಬಿಗಳು ಚೀಲಗಟ್ಟಲೆ ಶಹಾಪುರದ ಗುಜರಿ ಅಂಗಡಿಗೆ ಬರುತ್ತಿದ್ದವು. ಅವನ್ನು ಆರಿಸುವ ಕೆಲಸ ನನ್ನದು ಮತ್ತು ದೋರನಹಳ್ಳಿಯ ದೇವಮ್ಮನದು. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಎನ್ನುತ್ತಾರೆ, ಕಬ್ಬಿಣದ್ದೆಲ್ಲ ತಗಡು. ಚುಂಬಕ ಹಿಡಿದರೆ ತಗಡು, ಹಿಡಿಯದಿದ್ದರೆ ಜರ್ಮನ್. ಆದರೆ ಕೆಲವು ಕಳ್ಳ ಡಬ್ಬಿಗಳೂ ಇರುತ್ತಿದ್ದವು — ಮೈಯೆಲ್ಲ ತಗಡು, ಮುಚ್ಚಳ ಮಾತ್ರ ಜರ್ಮನ್. "ಹೊಟ್ಟಿಗೆ ಹಚ್ಚಿ ನೋಡ್ರಿ, ತಲಿಗಲ್ಲ" ಎಂದು ಅಂಗಡಿಯ ಸಾಹುಕಾರರು ಮೊದಲ ದಿನವೇ ಹೇಳಿದ್ದರು.

ತುಳಿದು ಚಪ್ಪಟೆಯಾದ ಡಬ್ಬಿಯಲ್ಲಿ ಮುಚ್ಚಳವೇ ಮೇಲಿರುತ್ತದೆ. ತಿರುವಿ ನೋಡಲು ನನಗೆ ಬೇಸರ. ಮುಚ್ಚಳಕ್ಕೇ ಚುಂಬಕ ಹಚ್ಚಿ ಹಚ್ಚಿ ಜರ್ಮನ್ ರಾಶಿಗೆ ಎಸೆದೆ. ದೇವಮ್ಮ ಒಂದೊಂದನ್ನೂ ತಿರುವುತ್ತಿದ್ದಳು. "ಏನ, ವರ ನೋಡಾಕತ್ತೀಯೇನ?" ಎಂದು ನಾನೇ ಚುಡಾಯಿಸುತ್ತಿದ್ದೆ.

ಡಬ್ಬಿ ಕರಗಿಸುವ ಹೈದರಾಬಾದಿನ ಭಟ್ಟಿಯವರು ಜರ್ಮನ್‌ನಲ್ಲಿ ತಗಡು ಬೆರೆತಿದೆ ಎಂದು ಒಂದು ಚೀಲ ತಿರುಗಿ ಕಳಿಸಿದರು. ಸಾಹುಕಾರರು ಅದನ್ನು ಅಂಗಳದಲ್ಲಿ ಸುರುವಿ, "ಯಾರ ರಾಶಿ ಇದು?" ಎಂದರು. ನೋಡಿದ ಕೂಡಲೇ ನನ್ನದೆಂದು ಗೊತ್ತಾಯಿತು. ಆದರೂ —

"ದೇವಮ್ಮಂದ್ರಿ" ಎಂದೆ.

ಅವಳು ನನ್ನ ಕಡೆ ತಿರುಗಿ, "ಅಕ್ಕಾ, ಖರೇ ಹೇಳ" ಎಂದಳು. ಅಷ್ಟೇ. ನಾನು ಡಬ್ಬಿಗಳನ್ನು ನೋಡುತ್ತ ನಿಂತೆ. ಹೇಳಬಹುದಿತ್ತು — ಆಗಲೂ, ಸಂಜೆಯೂ, ಮರುದಿನವೂ. ಕೆಲಸ ಹೋದೀತೆಂದು ಹೇಳಲಿಲ್ಲ. ಹೋದದ್ದು ಅವಳ ಕೆಲಸ.

ಅದರ ಮೇಲೆ "ತಗಡ ದೇವಮ್ಮ" ಎಂಬ ಹೆಸರು ಬಿತ್ತು. ಕಾಲುವೆಗೆ ನೀರು ಬಂದ ಮೇಲೆ ಅವಳು ಭತ್ತ ನಾಟಿಗೆ ಹೋದಳು. ಅಲ್ಲಿಗೂ ಆ ಹೆಸರು ಹೋಯಿತು. ಕಣದಲ್ಲಿ ರಾಶಿ ಕಾಯಲು ಅವಳೊಬ್ಬಳನ್ನು ಬಿಟ್ಟು ಬೇರೆ ಯಾರನ್ನಾದರೂ ಕೂರಿಸುತ್ತಿದ್ದರಂತೆ. ಅದು ಕಿವಿಗೆ ಬಿದ್ದಾಗಲೆಲ್ಲ ನಾನು ಮಾತು ಬದಲಿಸಿದ್ದೇನೆ.

ಮೊನ್ನೆ ಶಹಾಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಸಣ್ಣ ಹುಡುಗಿ, "ತಗಡ ದೇವಮ್ಮಾಯೀ, ಬಸ್ ಬಂತ" ಎಂದು ಕೂಗಿದಳು. ಬಯ್ಯುವ ದನಿಯಲ್ಲ, ಅಕ್ಕರೆಯ ದನಿ. ಆ ಹೆಸರು ಎಲ್ಲಿಂದ ಬಂತೆಂದು ಮಗುವಿಗೆ ಗೊತ್ತಿಲ್ಲ. ದೇವಮ್ಮ "ಓ" ಎಂದು ತಿರುಗಿದಳು — ತೊಟ್ಟಿಲಲ್ಲಿ ಇಟ್ಟ ಹೆಸರೇ ಅದು ಎಂಬಂತೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಾಳೆ ದೋರನಹಳ್ಳಿಗೆ ಹೋಗುತ್ತೇನೆ. ಅವಳೊಬ್ಬಳ ಕಿವಿಯಲ್ಲಿ ಹೇಳಿದರೆ ಸಾಲದು. ಅವಳ ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಆ ಹೆಸರು ಇನ್ನು ನನಗೇ ಬೀಳಲಿ. ಯಾರು ಕರೆದರೂ ಓ ಎನ್ನುತ್ತೇನೆ.